ಹಿವರವಾಡಿಯ ಮೂವತ್ತೆಂಟು ಹೆಸರು

೧೯೫೬ ಆಗಸ್ಟ್ ೧೯, ಭಾನುವಾರ

ಇವತ್ತಿನಿಂದ ದಿನಚರಿ. ನಾನು ಶಾಲೆ ಕಲಿತದ್ದು ಉರ್ದುವಿನಲ್ಲಿ, ಕನ್ನಡ ಕಲಿತದ್ದು ನನ್ನ ಹಟದಿಂದ. ನವೆಂಬರ್ ಒಂದಕ್ಕೆ ನಮ್ಮ ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರುತ್ತದೆ. ಆಮೇಲೆ ಕಚೇರಿಯ ಕಾಗದವೆಲ್ಲ ಕನ್ನಡದಲ್ಲೇ ಎನ್ನುತ್ತಾರೆ. ಕಮಲನಗರದ ಶಾಲೆಯಲ್ಲಿ ಉಳಿದ ಮಾಸ್ತರರ ಮುಖ ಬಾಡಿದೆ, ನನ್ನದು ಬಾಡಿಲ್ಲ. ಕೈ ಪಳಗಲಿ ಎಂದು ಆಗಾಗ ಇದರಲ್ಲಿ ಬರೆಯುತ್ತೇನೆ. ಬೇರೆ ಯಾರೂ ಓದುವುದಿಲ್ಲವಾದ್ದರಿಂದ ಒಂದು ಮಾತನ್ನು ಸಂಕೋಚವಿಲ್ಲದೆ ಬರೆದುಬಿಡುತ್ತೇನೆ: ಔರಾದ ತಾಲೂಕಿನಲ್ಲಿ ನನ್ನಷ್ಟು ಚಂದದ ಅಕ್ಷರ ಇನ್ನೊಬ್ಬರದಿಲ್ಲ.

ಇದು ತಹಸೀಲ ಕಚೇರಿಗೂ ಗೊತ್ತು. ಹಾಗಾಗಿಯೇ ಹಿವರವಾಡಿಯ ಮತದಾರರ ಪಟ್ಟಿ ಬರೆಯುವ ಕೆಲಸ ಮತ್ತೆ ನನಗೇ ಬಂದಿದೆ. ನಮ್ಮ ವಾಡಿ ಕಮಲನಗರದಿಂದ ಎರಡು ಮೈಲಿ. ಎಲ್ಲ ಕುರಿ ಕಾಯುವ, ಒಣಹೊಲ ಮಾಡುವ ಮನೆಗಳು. ಅದರಲ್ಲಿ ಮಾಸ್ತರನಾದವನು ನಾನೊಬ್ಬನೇ, ದತ್ತಾತ್ರಿ. ಐದು ವರ್ಷದ ಹಿಂದೆ, ಮೊದಲ ಚುನಾವಣೆಗೂ ನಾನೇ ಪಟ್ಟಿ ಬರೆದಿದ್ದೆ. ಆಗ ಹೆಂಗಸರು ಯಾರೂ ಹೆಸರು ಹೇಳಲಿಲ್ಲ. ನಾನು ‘ಪಂಢರಿಯ ಹೆಂಡತಿ’, ‘ಮಚ್ಛೇಂದ್ರನ ತಾಯಿ’ ಎಂದು ಬರೆದೆ. ಸ್ವಂತ ಹೆಸರಿಲ್ಲದ ಹೆಂಗಸರನ್ನು ಪಟ್ಟಿಯಿಂದ ತೆಗೆಯಬೇಕೆಂದು ಮೇಲಿನಿಂದ ಹುಕುಂ ಬಂತು, ತೆಗೆದರು. ಮತದಾನದ ದಿನ ಅವರೆಲ್ಲ ಹೊಸ ಕುಪ್ಪಸ ತೊಟ್ಟು ಹೋಗಿ ಹಾಗೇ ತಿರುಗಿ ಬಂದರು. ತಪ್ಪು ಅವರದೇ. ಹೆಸರು ಕೇಳಿದರೆ ಹೇಳಬೇಕಲ್ಲ!

ಆಗಸ್ಟ್ ೨೨

ನಾಲ್ಕು ಮನೆ ಸುತ್ತಿದೆ, ಒಂದು ಹೆಸರೂ ಸಿಗಲಿಲ್ಲ. ಪಂಢರಿಯ ಹೆಂಡತಿ ಕುರಿಮರಿಗೆ ಹಾಲು ಕುಡಿಸುತ್ತ ಸೆರಗಿನಲ್ಲೇ ನಕ್ಕಳು. “ಹೆಸರ ತಗೊಂಡು ಏನ್ ಮಾಡ್ತೀರಿ ಮಾಸ್ತರ? ನಾ ಇಲ್ಲೇ ನಿಮ್ಮ ಮುಂದ ನಿಂತೀನಲ್ರಿ?” ಇಂಥವರಿಗೆ ಮತದ ಬೆಲೆ ತಿಳಿಸುವುದು ನನ್ನಂಥ ಓದಿದವನಿಗೂ ಕಷ್ಟ. ಸಿಟ್ಟು ಬಂದು ಮನೆಗೆ ಬಂದೆ.

ಆಗಸ್ಟ್ ೨೬, ಭಾನುವಾರ

ಒಂದು ವಿಚಿತ್ರ. ಅವ್ವ ಜೋಳ ಹಸನು ಮಾಡುತ್ತ ಕೂತಿದ್ದಳು. “ಊರೆಲ್ಲಾ ಸುತ್ತೀದಿ, ನಿನ್ನ ಮನಿ ಯಾಕ ಬಿಟ್ಟಿ? ಇಲ್ಲಿಂದ ಚಾಲೂ ಮಾಡು” ಎಂದಳು. ನಾನು ‘ಜನಾಬಾಯಿ’ ಎಂದು ಬರೆಯಲು ಹೋದೆ. ರೇಷನ್ ಕಾರ್ಡಿನಲ್ಲಿ ಅದೇ ಇದೆ.

“ಅದು ನಿಮ್ಮ ಮನಿಯವರು ಅಕ್ಷಂತಿ ಬಿದ್ದ ದಿನ ಇಟ್ಟದ್ದು. ನಮ್ಮಪ್ಪ ಇಟ್ಟ ಹೆಸರ ಸುಭದ್ರಾ. ಸರ್ಕಾರ ನನ್ನ ಹೆಸರ ಕೇಳ್ತದಂದ್ರ ನನ್ನ ಹೆಸರೇ ಬರಿ.”

ನಮ್ಮ ಕಡೆ ಮದುವೆಯ ದಿನ ಹುಡುಗಿಯ ಹೆಸರು ಬದಲಿಸುತ್ತಾರೆ. ತವರಿನ ಹೆಸರು ತವರಿನಲ್ಲೇ ಉಳಿಯುತ್ತದೆ. ಅದೇನೂ ಹೊಸದಲ್ಲ. ಆದರೆ ಮೂವತ್ತಮೂರು ವರ್ಷದವನಾದ ನಾನು ನನ್ನ ತಾಯಿಯ ಹೆಸರನ್ನು ಇವತ್ತು ಕೇಳಿದೆ. ಬರೆದೆ: ಸುಭದ್ರಾಬಾಯಿ.

ಬಾವಿಗೆ ಹೋದ ಮನೆಯಾಕೆ ಈ ಸುದ್ದಿಯನ್ನು ಬಿಂದಿಗೆಯ ಜೊತೆ ಹೊತ್ತು ಹಂಚಿರಬೇಕು. ಹೊತ್ತು ಮುಳುಗುವ ಮೊದಲು ನಮ್ಮ ಅಂಗಳದಲ್ಲಿ ಹೆಂಗಸರ ಸಂತೆ! ಒಬ್ಬೊಬ್ಬಳೂ ಬಂದು ತವರಿನ ಹೆಸರು ಹೇಳಿ ಹೋದಳು. ಪಂಢರಿಯ ಹೆಂಡತಿ ಶಾಲುಬಾಯಿಯಂತೆ. ಅವ್ವನದೂ ಸೇರಿ ಮೂವತ್ತೇಳು ಹೆಸರಾದವು. ಕೊನೆಗೆ ಮನೆಯಾಕೆ ನಿಂತು, “ನಂದೂ ಬರೀರಿ, ಚಂದ್ರಭಾಗಾ” ಎಂದಳು. ಅದು ಮೂವತ್ತೆಂಟನೆಯದು. ನಾವು ಅವಳಿಗೆ ಮೀರಾಬಾಯಿ ಎಂದು ಇಟ್ಟಿದ್ದೆವು. ಆಮೇಲೆ ಒಂದು ಬುದ್ಧಿಮಾತು ಬೇರೆ: “ಬಾಜೂಕ ಉರ್ಫ್ ಅಂತ ಹಾಕಿ ಈಗಿನ ಹೆಸರೂ ಬರೀರಿ. ಇವು ಊರಾಗ ಯಾರಿಗೂ ಗೊತ್ತಿಲ್ಲ.”

ಪಟ್ಟಿ ಬರೆಯುವವನು ನಾನೋ ಅವಳೋ? ಉರ್ಫ್ ತುರುಕಿದರೆ ಸಾಲು ಡೊಂಕಾಗುತ್ತದೆ, ಪುಟ ಕುರಿಹಟ್ಟಿಯಂತಾಗುತ್ತದೆ. ಬರೆಯಲಿಲ್ಲ.

ಸೆಪ್ಟೆಂಬರ್ ೯

ಪಟ್ಟಿ ಔರಾದಕ್ಕೆ ತಲುಪಿಸಿದೆ. ಗುಮಾಸ್ತ ಪುಟ ತಿರುವಿ, “ಛಾಪಖಾನಿಯಾಗ ಹೊಡಸೀರೇನ್ರಿ ಮಾಸ್ತರ?” ಎಂದ. ಒಂದು ಚಿತ್ತಿಲ್ಲ, ಒಂದು ಮಸಿಕಲೆಯಿಲ್ಲ. ಹನ್ನೆರಡು ಮೈಲಿ ನಡೆದು ಬಂದರೂ ಕಾಲು ನೋಯಲಿಲ್ಲ.

ನವೆಂಬರ್ ೧, ಗುರುವಾರ

ಮೈಸೂರು ರಾಜ್ಯಕ್ಕೆ ಸೇರಿದೆವು. ಶಾಲೆಯಲ್ಲಿ ಧ್ವಜ, ಪೇಢಾ, ಭಾಷಣ. ಕನ್ನಡದ ಭಾಷಣ ನನ್ನದೇ. ಒಂದು ಕಡೆಯೂ ತಡವರಿಸಲಿಲ್ಲ. ಮರಾಠಿ ಮಾಸ್ತರರೂ ಚಪ್ಪಾಳೆ ತಟ್ಟಿದರು.

ಮನೆಗೆ ಬಂದು ಅವ್ವನಿಗೆ ತಿಳಿಸಿ ಹೇಳಿದೆ. ಅವಳು ಕೇಳಿದಳು: “ನಮ್ಮ ಮನಿ, ಹೊಲ, ಬಾವಿ ಎಲ್ಲಾ ಇದ್ದಲ್ಲೇ ಅವ ಏನು?”

“ಅವ.”

“ಹೆಸರಷ್ಟೇ ಬದಲಾತು. ಹಂಗಾದ್ರ ಬೀದರಕ್ಕ ಲಗ್ನ ಆತು ಅನ್ನು.”

ಮನೆಯಾಕೆ ನಕ್ಕು ನಕ್ಕು ರೊಟ್ಟಿ ಸೀಯಿಸಿದಳು.

ನವೆಂಬರ್ ೧೭

ಊಟ ಸೇರಲಿಲ್ಲ. ತಹಸೀಲ ಕಚೇರಿಯಿಂದ ನೋಟೀಸು ಬಂದಿದೆ. ಕಮಲನಗರದ ಶಿವರಾಜಪ್ಪ ನಮ್ಮ ಮೂವತ್ತೆಂಟು ಹೆಸರಿಗೂ ಆಕ್ಷೇಪ ಹಾಕಿದ್ದಾನೆ. ಈ ಹೆಸರಿನ ಹೆಂಗಸರು ಹಿವರವಾಡಿಯಲ್ಲೇ ಇಲ್ಲ, ಮಾಸ್ತರ ಕೂತಲ್ಲೇ ಹುಟ್ಟಿಸಿದ್ದಾನೆ, ಎಲ್ಲ ಹೊಡೆದುಹಾಕಬೇಕು ಎಂದು ಅರ್ಜಿ. ಶಿವರಾಜಪ್ಪನ ಭಾವಮೈದುನ ಚುನಾವಣೆಗೆ ನಿಲ್ಲುತ್ತಾನೆ. ಮೇವಿನ ಜಮೀನಿನ ಜಗಳದಿಂದ ನಮ್ಮ ವಾಡಿಯ ಮತ ಅವರಿಗೆ ಬೀಳುವುದಿಲ್ಲವೆಂದು ಎಲ್ಲರಿಗೂ ಗೊತ್ತು.

ಸುಳ್ಳು ಹೆಸರು ಬರೆದದ್ದಕ್ಕೆ ನೌಕರಿಯಿಂದ ಏಕೆ ತೆಗೆಯಬಾರದು ಎಂದು ನನಗೂ ಒಂದು ಪ್ರತ್ಯೇಕ ಕಾಗದ. ಸುಳ್ಳು! ನನ್ನ ಪಟ್ಟಿ!

ನವೆಂಬರ್ ೧೮, ಭಾನುವಾರ

ಬೆಳಗಿನ ರೈಲು ಹಿಡಿದು, ಭಾಲ್ಕಿ ದಾಟಿ ಬೀದರಕ್ಕೆ ಹೋಗಿದ್ದೆ. ಮುಜೀಬೋದ್ದೀನ ವಕೀಲರು ನನ್ನ ಉರ್ದು ಗುರುಗಳ ಗೆಳೆಯರು. ವಯಸ್ಸಾಗಿದೆ, ಕನ್ನಡಕದ ಒಂದು ಕಡ್ಡಿಯ ಜಾಗದಲ್ಲಿ ದಾರವಿದೆ, ಬುದ್ಧಿ ಮಾತ್ರ ಕತ್ತರಿ. ಪಟ್ಟಿಯ ನಕಲು ನೋಡಿದವರೇ ಕೇಳಿದರು:

“ಮಾಸ್ತರ್ ಸಾಬ್, ಬಹುತ್ ಖೂಬ್. ಆದ್ರ ಉರ್ಫ್ ಎಲ್ಲಿ ಅದ? ತವರಿನ ಹೆಸರ ಒಂದೇ ಬರದ್ರ ಊರಾಗಿನ ಮಂದಿಗಿ ಹ್ಯಾಂಗ ಗುರ್ತ ಸಿಗಬೇಕು?”

ಸಾಲು ಡೊಂಕಾಗುತ್ತದೆ ಎಂದು ಬಿಟ್ಟೆ ಎಂಬುದನ್ನು ವಕೀಲರ ಮುಂದೆ ಹೇಳಲು ನಾಲಿಗೆ ಏಳಲಿಲ್ಲ. ಅವರು ಎರಡು ದಾರಿ ಹೇಳಿದರು. ಒಂದು, ತವರಿನ ಹೆಸರು ತೆಗೆದು ಗಂಡನ ಮನೆಯ ಹೆಸರು ಹಾಕಿಸಿ ರಾಜಿ ಮಾಡಿಕೊಳ್ಳುವುದು. ಮತವೂ ಉಳಿಯುತ್ತದೆ, ನನ್ನ ನೌಕರಿಯೂ ಉಳಿಯುತ್ತದೆ. ಇನ್ನೊಂದು, ಮೂವತ್ತೆಂಟು ಜನರೂ ಅಧಿಕಾರಿಯ ಮುಂದೆ ನಿಂತು ತಾವೇ ಗುರುತು ಹೇಳುವುದು. ಒಬ್ಬಳು ತಪ್ಪಿದರೂ ಅವಳ ಹೆಸರು ಹೋಗುತ್ತದೆ.

ರಾಜಿಯೇ ಮೇಲು. ರೈಲಿನಲ್ಲಿ ಬರುತ್ತ ನಿಶ್ಚಯ ಮಾಡಿದೆ.

ನವೆಂಬರ್ ೧೯

ಅವ್ವನಿಗೆ ರಾಜಿಯ ವಿಷಯ ಹೇಳಿದೆ.

“ಒಮ್ಮೆ ಬದಲ ಮಾಡಿದಾಗ ಹನ್ನೊಂದು ವರ್ಷದಾಕಿ ಇದ್ದೆ, ಯಾರೂ ನನಗ ಕೇಳಲಿಲ್ಲ. ಈಗ ಕೇಳ್ಯಾರ. ನಾ ಒಲ್ಲೆ ಅಂತೇನಿ.”

“ನನ್ನ ನೌಕರಿ ಹೋಗ್ತದ ಅವ್ವಾ.”

“ಹೋದ್ರ ಕುರಿ ಅವ.”

ಮನೆಯಾಕೆ ಒಲೆಯ ಹತ್ತಿರ ಕೂತು ರೊಟ್ಟಿ ಬಡಿಯುತ್ತಿದ್ದಳು. ಉರ್ಫ್ ಬರೆಯಿರಿ ಎಂದ ತನ್ನ ಮಾತು ಕೇಳದೆ ಕೆಡಿಸಿದಿರಿ ಎಂದು ಅನ್ನಬಹುದಿತ್ತು. ಅನ್ನಲಿಲ್ಲ, ಅದು ಇನ್ನೂ ಚುಚ್ಚಿತು.

ನವೆಂಬರ್ ೨೫, ಭಾನುವಾರ

ತವರಿನಿಂದ ಯಾರಾದರೂ ಸಾಕ್ಷಿ ಹೇಳಿದರೆ ಅವ್ವನ ಹೆಸರಿಗೆ ಬಲ ಬರುತ್ತದೆ ಎಂದು ವಕೀಲರು ಬರೆದಿದ್ದರು. ಅವಳ ತವರೂರು ಭಾತಂಬ್ರಾಕ್ಕೆ ಹೋದೆ. ಅಜ್ಜನ ಮನೆ ಈಗ ಇಲ್ಲ, ಸೋದರಮಾವಂದಿರೂ ಇಲ್ಲ. ಅವ್ವನ ಓರಗೆಯ ಮಡೆಪ್ಪ ಎಂಬ ಮುದುಕ ಒಬ್ಬ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕೂತಿದ್ದ. ಕಣ್ಣು ಕಾಣುವುದಿಲ್ಲ. ಜನಾಬಾಯಿಯ ಮಗ ಎಂದೆ. ಯಾವ ಜನಾಬಾಯಿ ಎಂದ. ಸುಭದ್ರಾ ಎಂದೆ.

“ಸುಬ್ಬಿ ಇನ್ನಾ ಅದಾಳೇನೋ!” ಎಂದವನೇ ನನ್ನ ಕೈ ಹಿಡಿದು ಬಿಡಲಿಲ್ಲ. “ಕವಣಿ ಕಲ್ಲು ಬೀಸಿದ್ರ ಆಕೀದು ತಪ್ಪತಿರ್ಲಿಲ್ಲೋ. ಜ್ವಾಳದ ಹೊಲದಾಗ ಆಕಿ ಅಟ್ಟದ ಮ್ಯಾಲ ನಿಂತಳಂದ್ರ ಮೂರು ಹೊಲದ ಹಕ್ಕಿ ಎದ್ದು ಹೋಗ್ತಿದ್ದವು. ಆಕಿ ಹಾಡು ನಮಗ ಭಾಲ್ಕಿ ದಾರಿ ತನಕ ಕೇಳತಿತ್ತು.”

ಅವ್ವ ಹಾಡಿದ್ದನ್ನು ನಾನು ಒಮ್ಮೆಯೂ ಕೇಳಿಲ್ಲ. ಮಡೆಪ್ಪನನ್ನು ಭಾಲ್ಕಿಗೆ ಕರೆದೊಯ್ದು ಅಫಿಡವಿಟ್ಟಿಗೆ ಹೆಬ್ಬೆಟ್ಟು ಹಾಕಿಸಿಕೊಂಡು ಮರಳಿದೆ. ದಾರಿಯುದ್ದಕ್ಕೂ ಅಟ್ಟದ ಮೇಲೆ ನಿಂತ ಹುಡುಗಿಯನ್ನೇ ನೆನೆಯುತ್ತ ಬಂದೆ. ನನ್ನ ಎದೆ ಯಾಕೋ ಉಬ್ಬಿತ್ತು. ರಾಜಿಯ ಮಾತನ್ನು ನಾನು ಇನ್ನು ಎತ್ತುವುದಿಲ್ಲ.

ಡಿಸೆಂಬರ್ ೧೨, ಬುಧವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು. ಅಕ್ಷರ ಹೇಗಾದರೂ ಬರಲಿ.

ನಸುಕಿನಲ್ಲಿ ಐದು ಬಂಡಿ ಕಟ್ಟಿ ಔರಾದಕ್ಕೆ ಹೊರಟೆವು. ಮೂವತ್ತೆಂಟು ಹೆಂಗಸರು, ಬುತ್ತಿ, ಕಂಕುಳದ ಕೂಸುಗಳು. ಕಚೇರಿಯ ಅಂಗಳದಲ್ಲಿ ಶಿವರಾಜಪ್ಪ ತನ್ನ ವಕೀಲನೊಂದಿಗೆ ನಿಂತಿದ್ದ. ಅಧಿಕಾರಿ ಮೈಸೂರು ಕಡೆಯವರು, ಬಂದು ಒಂದು ತಿಂಗಳಾಗಿಲ್ಲ. ಮೆತ್ತಗಿನ ಮಾತು, ಆದರೆ ಕಾಯಿದೆ ಪುಸ್ತಕ ಕೈಬಿಡದ ಮನುಷ್ಯ.

ಮೊದಲು ನನ್ನನ್ನು ಕರೆದರು. ಉರ್ಫ್ ಯಾಕೆ ಬರೆಯಲಿಲ್ಲ ಎಂದು ಕೇಳಿದರು. ಮುಜೀಬೋದ್ದೀನ ಸಾಹೇಬರು ನನಗೆ ಒಂದು ನಾಜೂಕಿನ ಉತ್ತರ ಹೇಳಿಕೊಟ್ಟಿದ್ದರು. ಅದು ಬಾಯಿಗೆ ಬರಲೇ ಇಲ್ಲ. “ನನ್ನ ಹೆಂಡತಿ ಬರೆಯಿರಿ ಎಂದಿದ್ದಳು. ಪುಟ ಚಂದ ಕಾಣಬೇಕೆಂದು ನಾನು ಬರೆಯಲಿಲ್ಲ. ತಪ್ಪು ನನ್ನದು. ಹೆಸರುಗಳು ಮಾತ್ರ ನಿಜ” ಎಂದೆ. ಶಿವರಾಜಪ್ಪ ಗಟ್ಟಿಯಾಗಿ ನಕ್ಕ. ನಗಲಿ.

ಅಧಿಕಾರಿ ಕ್ರಮ ಹೇಳಿದರು. ಪ್ರತಿಯೊಬ್ಬಳೂ ತನ್ನ ಹೆಸರು, ಗಂಡನ ಹೆಸರು, ಮನೆಯ ನಂಬರು ಹೇಳಬೇಕು. ಪಟ್ಟಿಗೆ ಹೊಂದಿದರೆ ಹೆಸರು ಉಳಿಯುತ್ತದೆ. ಶಾಲುಬಾಯಿ ಮೊದಲು ನಿಂತಳು. ತನ್ನ ಹೆಸರು ಹೇಳಿದಳು, ನಂಬರು ಹೇಳಿದಳು. ಗಂಡನ ಹೆಸರಿಗೆ ಬಂದಾಗ ನೆಲ ನೋಡಿದಳು.

“ನಿಮ್ಮ ಯಜಮಾನರ ಹೆಸರು ಹೇಳಮ್ಮಾ.”

“ಅವರೇರಿ.”

“ಅವರು ಅಂದ್ರೆ ಯಾರು?”

“ಅಲ್ಲಿ ಬಂಡಿ ಹತ್ರ ನಿಂತಾರಲ್ರಿ, ಅವರು.”

ಪಂಢರಿ ಬಂಡಿಯ ಹತ್ತಿರ ನಿಂತು ಬೆವರುತ್ತಿದ್ದ. ಶಿವರಾಜಪ್ಪನ ವಕೀಲ ಎದ್ದ. ಗಂಡನ ಹೆಸರೇ ತಿಳಿಯದವಳು ಆ ಊರಿನವಳೇ ಅಲ್ಲ, ತೆಗೆದುಬಿಡಿ ಎಂದ. ಕಾಯಿದೆ, ಅಫಿಡವಿಟ್ಟು, ನಕಲು ಎಂದು ಒಂದು ತಿಂಗಳು ಓಡಾಡಿದ ನನಗೆ ಇದೊಂದು ಹೊಳೆದೇ ಇರಲಿಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ನಂಬಿದವರು ಅವರು. ಅಧಿಕಾರಿ ಲೇಖನಿ ಎತ್ತಿದರು.

ಆಗ ಹಿಂದಿನಿಂದ ನಮ್ಮ ಮನೆಯ ಚಂದ್ರಭಾಗಾಳ ದನಿ ಕೇಳಿತು. “ಸಾಹೇಬ್ರ, ಒಡಪು ಹಾಕಿ ಹೇಳಿದ್ರ ನಡೀತದೇನ್ರಿ?”

ಒಡಪು ಎಂದರೇನೆಂದು ಮೈಸೂರಿನವರಿಗೆ ತಿಳಿಯಲಿಲ್ಲ. ಮುಜೀಬೋದ್ದೀನ ಸಾಹೇಬರು ಕೂತಲ್ಲಿಂದ ಜಿಗಿದೆದ್ದರು. ಮದುವೆ ಮುಂಜಿಯಲ್ಲಿ ನಮ್ಮ ಹೆಂಗಸರು ಗಂಡನ ಹೆಸರನ್ನು ಪದ್ಯದಲ್ಲಿ ಹೆಣೆದು ಹೇಳುತ್ತಾರೆ, ಹಾಗೆ ಹೇಳಿದರೆ ದೋಷವಿಲ್ಲ ಎಂದು ವಿವರಿಸಿದರು. ಪದ್ಯ ಸಾಕ್ಷ್ಯವಾಗುವುದಿಲ್ಲ ಎಂದು ಎದುರು ವಕೀಲ ಕೂಗಿದ. “ಯಾವ ಕಲಮಿನೊಳಗ ಅದ ತೋರಸ್ರಿ!” ಎಂದರು ನಮ್ಮವರು. ಅಧಿಕಾರಿ ಪುಸ್ತಕ ತಿರುವಿದರು, ಮುಚ್ಚಿದರು. “ಹೆಸರು ಅದರಲ್ಲಿ ಬಂದರೆ ಸಾಕು. ಹೇಳಮ್ಮಾ” ಎಂದರು.

ಶಾಲುಬಾಯಿ ಸೆರಗು ಸರಿಮಾಡಿಕೊಂಡಳು.

“ಹಿಂಡಿನಾಗ ನೂರು ಕುರಿ, ಮುಂದ ಒಂದೇ ಟಗರ,
ಪಂಢರಿಯವರ ಹೆಸರ ಹೇಳ್ತೇನಿ, ಬರಕೋರಿ ಹಗೂರ.”

ಕಚೇರಿಗೆ ಕಚೇರಿಯೇ ನಕ್ಕಿತು. ಅಧಿಕಾರಿಯೂ ನಕ್ಕರು, ಪಟ್ಟಿಯ ಮೇಲೆ ಗುರುತು ಹಾಕಿದರು. ಆಮೇಲೆ ತಡೆಯುವವರು ಯಾರು? ಒಬ್ಬಳಿಗಿಂತ ಒಬ್ಬಳು. ಗುಮಾಸ್ತ ಎರಡು ಸಲ ಶಾಯಿ ತುಂಬಿಸಿದ. ಔರಾದ ಪೇಟೆಯ ಜನ ಕಿಟಕಿಗೆ ಬಂದು ನೆರೆದರು. ಚಂದ್ರಭಾಗಾಳ ಸರದಿ ಬಂದಾಗ ನಾನು ಕಂಬದ ಮರೆಗೆ ಸರಿದೆ. ಅವಳು ನನ್ನ ಕಡೆಗೇ ನೋಡಿ ಹೇಳಿದಳು:

“ಸಾಲಿ ಮುಂದ ಬೇವಿನ ಗಿಡ, ಗಿಡಕ್ಕ ತಂಪನ ನೆರಳ,
ಊರ ಹೆಸರ ಬರದು ಬರದು ದತ್ತಾತ್ರಿ ಮಾಸ್ತರದು ಕರ್ರಗಾಗ್ಯಾವ ಬೆರಳ.”

ಹದಿನಾಲ್ಕು ವರ್ಷ ಅವಳ ಜೊತೆ ಬಾಳಿದ್ದೇನೆ. ಇಂಥ ಹೆಂಗಸು ನನ್ನ ಮನೆಯಲ್ಲಿದ್ದಾಳೆಂದು ನನಗೆ ಗೊತ್ತಿರಲಿಲ್ಲ. ಕೈ ನೋಡಿಕೊಂಡೆ, ಬೆರಳು ಕರ್ರಗೇ ಇದ್ದವು.

ಮೂವತ್ತೇಳು ಆದವು. ಉಳಿದವಳು ಅವ್ವ.

ಮೂವತ್ತೆಂಟರಲ್ಲಿ ಅವ್ವ ಒಬ್ಬಳೇ ವಿಧವೆ. ಒಡಪು ಮುತ್ತೈದೆಯರದು, ವಿಧವೆಗೆ ಒಡಪಿಲ್ಲ. ಇದು ಕಚೇರಿಯಲ್ಲಿದ್ದ ಎಲ್ಲ ಹೆಂಗಸರಿಗೂ ಒಟ್ಟಿಗೇ ಹೊಳೆಯಿತೆಂದು ಕಾಣುತ್ತದೆ, ನಗು ನಿಂತುಹೋಯಿತು. ಮಡೆಪ್ಪನ ಅಫಿಡವಿಟ್ಟು ತವರಿನ ಹೆಸರಿಗೆ ಆಯಿತು, ಗಂಡನ ಹೆಸರಿಗೆ ಆಗುವುದಿಲ್ಲ. ಅಧಿಕಾರಿಗೂ ಪರಿಸ್ಥಿತಿ ಅರ್ಥವಾಯಿತು. “ಮಗ ಇಲ್ಲೇ ಇದ್ದಾರಲ್ಲ, ಅವರೇ ಹೇಳಲಿ” ಎಂದರು. ಎದುರು ವಕೀಲ ಬಿಡಲಿಲ್ಲ. ಮಗನ ಮೇಲೇ ಆಪಾದನೆಯಿದೆ, ಅವನ ಮಾತು ನಡೆಯುವುದಿಲ್ಲ ಎಂದ. ಅದು ಕಾಯಿದೆಯ ಮಾತು. ಅಧಿಕಾರಿ ತಲೆ ತಗ್ಗಿಸಿದರು.

ನನ್ನಪ್ಪ ತೀರಿಕೊಂಡಾಗ ನನಗೆ ಒಂಬತ್ತು ವರ್ಷ. ಇದ್ದಾಗಲೂ ಹೋದ ಮೇಲೂ ಅವ್ವನ ಬಾಯಲ್ಲಿ ಅಪ್ಪ ಎಂದರೆ ‘ಅವರು’. ನಾನು ಹತ್ತಿರ ಹೋಗಿ, “ಬ್ಯಾಡ ಅವ್ವಾ. ಬಿಡು, ಮನಿಗಿ ಹೋಗೂಣು” ಎಂದೆ. ಮನಸ್ಸಾರೆ ಅಂದೆ.

ಅವ್ವ ನನ್ನನ್ನು ಪಕ್ಕಕ್ಕೆ ಸರಿಸಿದಳು. ತಲೆಯ ಮೇಲಿನ ಸೆರಗು ಬಿಗಿ ಮಾಡಿ ಮೇಜಿನ ಮುಂದೆ ನಿಂತಳು.

“ಬರಕೋಪಾ. ನನ್ನ ಹೆಸರ ಸುಭದ್ರಾ. ತವರ ಭಾತಂಬ್ರಾ. ಮನಿ ನಂಬರ ಹನ್ನೊಂದು.” ಒಂದು ಸಲ ಉಸಿರು ತೆಗೆದುಕೊಂಡಳು. “ನನ್ನ ಗಂಡ ಕಾಶೀರಾಮ.”

ಕಾಳಿನ ಮೇಲೆ ಕೂತ ಹಕ್ಕಿಯನ್ನು ಎಬ್ಬಿಸುವ ದನಿ ಅದು. ಅಂಗಳದ ಬಂಡಿಗಳ ತನಕ ಕೇಳಿತೆಂದು ಪಂಢರಿ ಆಮೇಲೆ ಹೇಳಿದ. ಅಧಿಕಾರಿ ಎದ್ದು ನಿಂತು ಗುರುತು ಹಾಕಿದರು.

ಅವ್ವ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ನೀರು ಕೇಳಿದಳು. ಕೊಟ್ಟೆ. ನಾನು ಅತ್ತೆ. ಮಾಸ್ತರನಾದವನು ತಾಲೂಕು ಕಚೇರಿಯ ಮುಂದೆ ಎಲ್ಲರೆದುರು ಅತ್ತೆ, ನನಗೆ ನಾಚಿಕೆಯಾಗಲಿಲ್ಲ. ಇಂಥವಳ ಮಗ ನಾನು ಎಂದು ಕೂಗಿ ಹೇಳಬೇಕೆನಿಸಿತು. ಮುಜೀಬೋದ್ದೀನ ಸಾಹೇಬರು ದಾರದ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಫೀಸಿನ ಮಾತೆತ್ತಿದರೆ ಬೈದುಬಿಟ್ಟರು.

ಡಿಸೆಂಬರ್ ೨೦

ಹುಕುಂ ಬಂತು. ಆಕ್ಷೇಪ ವಜಾ. ಮೂವತ್ತೆಂಟು ಹೆಸರೂ ಇದ್ದ ಹಾಗೇ ಉಳಿಯಬೇಕು, ಪಕ್ಕದಲ್ಲಿ ಉರ್ಫ್ ಸೇರಿಸಬೇಕು. ನನಗೆ ಒಂದು ಎಚ್ಚರಿಕೆ, ಅಷ್ಟೇ. ಚಂದ್ರಭಾಗಾ ಒಂದೊಂದೇ ಹೆಸರು ಹೇಳುತ್ತ ಹೋದಳು, ನಾನು ಬರೆಯುತ್ತ ಹೋದೆ. ಎರಡು ಕಡೆ ಅವಳು ನನ್ನನ್ನು ತಿದ್ದಿದಳು. ಸಾಲುಗಳೆಲ್ಲ ಡೊಂಕು, ಅಂಚಿನ ತನಕ ಅಕ್ಷರ. ದೀಪದ ಹತ್ತಿರ ಹಿಡಿದು ಇಬ್ಬರೂ ಬಹಳ ಹೊತ್ತು ನೋಡಿದೆವು. ಇದಕ್ಕಿಂತ ಚಂದದ ಪುಟ ನಾನು ಬರೆದಿಲ್ಲ.

೧೯೫೭ ಫೆಬ್ರುವರಿ, ಮತದಾನದ ದಿನ

ಈ ಸಲ ನನಗೆ ಚುನಾವಣೆಯ ಕೆಲಸ ಕೊಡಲಿಲ್ಲ. ಒಳ್ಳೆಯದೇ ಆಯಿತು, ಗಂಡಸರ ಸಾಲಿನಲ್ಲಿ ನಿಂತು ಎಲ್ಲ ನೋಡಿದೆ. ಹೆಂಗಸರ ಸಾಲು ನಮ್ಮದಕ್ಕಿಂತ ಉದ್ದವಿತ್ತು. ಶಾಲುಬಾಯಿ ಒಳಗೆ ಹೋಗಿ ಬಂದು, ಚಂದ್ರಭಾಗಾ ಹೋಗಿ ಬಂದು, ಶಾಯಿ ಹಚ್ಚಿದ ಬೆರಳುಗಳನ್ನು ಒಬ್ಬರಿಗೊಬ್ಬರು ತೋರಿಸಿಕೊಂಡರು.

ಅವ್ವನ ಸರದಿ ಬಂತು. ಮತಗಟ್ಟೆಯ ಅಧಿಕಾರಿ “ಸುಭದ್ರಾಬಾಯಿ, ಉರ್ಫ್ ಜನಾಬಾಯಿ” ಎಂದು ಓದಿದ. ಅವ್ವ ಹ್ಞೂಂ ಎಂದಳು. ಶಿವರಾಜಪ್ಪನ ಕಡೆಯ ಏಜೆಂಟ, ಇನ್ನೂ ಮೀಸೆ ಚಿಗುರುತ್ತಿರುವವ, ಎದ್ದು ನಿಂತ. “ಈಕಿ ಗುರ್ತ ಪಕ್ಕಾ ಮಾಡ್ರಿ. ಗಂಡನ ಹೆಸರ ಹೇಳಲಿ.”

ನನ್ನ ಕಾಲು ಸಾಲು ಬಿಟ್ಟು ಎರಡು ಹೆಜ್ಜೆ ಮುಂದೆ ಹೋಗಿತ್ತು. ಅವ್ವ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು.

“ಒಮ್ಮೆ ಹೇಳೀನಿ, ಔರಾದ ಕಚೇರಿಯಾಗ. ಅಷ್ಟು ಸಾಕು. ನಿನ್ನ ಕೈಯಾಗಿನ ಪಟ್ಟಿಯೊಳಗ ಬರದಾರ. ಓದ್ಲಿಕ್ಕ ಬರ್ತದಲ್ಲ? ನೀನೇ ಓದು.”

ಅಧಿಕಾರಿಯೂ ಅವನ ಕಡೆ ತಿರುಗಿ, “ಓದಪ್ಪಾ” ಎಂದ. ಹುಡುಗ ಪಟ್ಟಿ ನೋಡಿದ, ಅವ್ವನನ್ನು ನೋಡಿದ, ಮತ್ತೆ ಪಟ್ಟಿ ನೋಡಿದ. “ಗಂಡನ ಹೆಸರ... ಕಾಶೀರಾಮ” ಎಂದು ಓದಿದ.

“ಹ್ಞೂಂ, ಅವರೇ” ಎಂದು ಅವ್ವ ಶಾಯಿಗೆ ಬೆರಳು ಮುಂದೆ ಮಾಡಿದಳು.